ಆಶಾನ್ ಬಂದ ವರ್ಷ

ಕೊಚ್ಚಿಯಿಂದ ಗೋವೆಗೆ ಹೋಗುವ ಹೆದ್ದಾರಿಯಾಗಲಿ ರೈಲುಹಳಿಯಾಗಲಿ ಕಾಸರಗೋಡನ್ನು ಹಾದೇ ಹೋಗಬೇಕು. 2022ರ ಮಾರ್ಚ್ ಮೂರನೆಯ ವಾರದ ಕೊನೆಗೆ ಈ ದಾರಿಯುದ್ದಕ್ಕೂ ಹಳದಿ ಅಂಗಿಯ ತರುಣರು ಬಡಗಣ ದಿಕ್ಕಿಗೆ ಹೊರಟಿದ್ದರು. ಕೇರಳ ಬ್ಲಾಸ್ಟರ್ಸ್ ತಂಡವು ಇಂಡಿಯನ್ ಸೂಪರ್ ಲೀಗಿನ ಫೈನಲ್ ತಲುಪಿತ್ತು. ಆಟ ಭಾನುವಾರ, 20ರಂದು, ಮಡಗಾಂವಿನ ಫತೋರ್ಡಾ ಕ್ರೀಡಾಂಗಣದಲ್ಲಿ. ಎರಡು ವರ್ಷಗಳಿಂದ ಬಾಗಿಲು ಮುಚ್ಚಿದ್ದ ಗ್ಯಾಲರಿ ಅಂದು ಪೂರ್ತಿಯಾಗಿ ತೆರೆಯಲಿತ್ತು. ಹೊರಟವರೆಲ್ಲರೂ ಅಲ್ಲಿಗೆ ತಲುಪಲಿಲ್ಲ. ಮಲಪ್ಪುರದಿಂದ ಬೈಕಿನಲ್ಲಿ ಬಂದ ಇಬ್ಬರು ಯುವಕರು ಕಾಸರಗೋಡು ಜಿಲ್ಲೆಯ ಉದುಮದಲ್ಲಿ ಅಪಘಾತಕ್ಕೀಡಾಗಿ ಪ್ರಾಣಬಿಟ್ಟರು. ಸಂಜೆಯ ಆಟವನ್ನು ನೋಡಲು ಕುಳಿತ ಮನೆಗಳಿಗೆಲ್ಲ ಆ ಸುದ್ದಿ ಮೊದಲೇ ತಲುಪಿತ್ತು.

ಒಂದು ಚೆಂಡಾಟಕ್ಕಾಗಿ ಇಷ್ಟು ಜನ ಇಷ್ಟು ದೂರ ಏಕೆ ಹೊರಟರು ಎಂಬುದನ್ನು ತಿಳಿಯಲು ಹದಿಮೂರು ತಿಂಗಳು ಹಿಂದಕ್ಕೆ ಹೋಗಬೇಕು.

2021ರ ಫೆಬ್ರುವರಿಯಲ್ಲಿ ಇದೇ ತಂಡ ಇದೇ ಗೋವೆಯಲ್ಲಿ ಹೈದರಾಬಾದಿಗೆ ನಾಲ್ಕು ಗೋಲುಗಳಿಂದ ಸೋತಿತ್ತು. ಒಂದನ್ನೂ ತಿರುಗಿ ಹೊಡೆದಿರಲಿಲ್ಲ. ಸ್ಪೇನಿನ ತರಬೇತುದಾರ ಕಿಬು ವಿಕುನ ಅದರ ಬೆನ್ನಿಗೇ ಹೊರನಡೆದರು. ಆ ಋತುವಿನ ಇಪ್ಪತ್ತು ಪಂದ್ಯಗಳಲ್ಲಿ ಗೆಲುವು ಮೂರೇ ಮೂರು. ಹನ್ನೊಂದು ತಂಡಗಳ ಪಟ್ಟಿಯಲ್ಲಿ ಸ್ಥಾನ ಹತ್ತನೆಯದು. 2014ರಲ್ಲಿ ಹುಟ್ಟಿದ ತಂಡವು 2014 ಮತ್ತು 2016ರಲ್ಲಿ ಫೈನಲ್ ಮುಟ್ಟಿ ಎರಡು ಬಾರಿಯೂ ಕೋಲ್ಕತ್ತಕ್ಕೆ ಸೋತಿತ್ತು. 2016ರ ಫೈನಲಿನಲ್ಲಿ ಕೊಚ್ಚಿಯ ಗ್ಯಾಲರಿಯನ್ನು ಎಬ್ಬಿಸಿ ನಿಲ್ಲಿಸಿದ ಹೆಡ್ಡರ್ ನಮ್ಮ ತೃಕರಿಪುರದ ಮುಹಮ್ಮದ್ ರಾಫಿಯದು ಎಂಬುದನ್ನು ಕಾಸರಗೋಡಿನವರು ಇನ್ನೂ ಹೇಳಿಕೊಳ್ಳುತ್ತಾರೆ. ಆ ಗೋಲೂ ತಂಡವನ್ನು ಕಾಯಲಿಲ್ಲ. ಸೋಲು ಅಭಿಮಾನಿಗೆ ಹೊಸತಲ್ಲ. ಆದರೆ 2021ರಲ್ಲಿ ಅವನನ್ನು ಕಾಡಿದ್ದು ಸೋಲಿಗಿಂತ ಬೇರೆಯಾದ ಒಂದು ಸಂಗತಿ. ತಾನು ನೆಚ್ಚಿಕೊಂಡಿದ್ದ ಹುಡುಗರು ಕಣ್ಣೆದುರಿಗೇ ಬಾಡುತ್ತಿದ್ದಾರೆಂಬ ಭಯವದು.

ಆ ಹುಡುಗರಲ್ಲಿ ಮೊದಲನೆಯವನು ಸಹಲ್ ಅಬ್ದುಲ್ ಸಮದ್. ಹುಟ್ಟಿದ್ದು ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ, ಮೂಲ ಕಣ್ಣೂರು ಜಿಲ್ಲೆ. ಕಾಲಿಗೆ ಚೆಂಡು ಸಿಕ್ಕಿದರೆ ಎದುರಾಳಿಯನ್ನು ನಿಂತಲ್ಲೇ ಸುತ್ತಿಸಿಬಿಡುವ ಚಾತುರ್ಯ. 2018-19ರಲ್ಲಿ ಲೀಗಿನ ಉದಯೋನ್ಮುಖ ಆಟಗಾರನೆಂಬ ಪ್ರಶಸ್ತಿ ಬಂತು; ಭಾರತದ ಓಜಿಲ್ ಎಂಬ ಬಿರುದನ್ನು ಅಭಿಮಾನಿಗಳೇ ಕಟ್ಟಿದರು. ಬಿರುದು ಕೊಡುವುದು ಸುಲಭ, ಹೊರುವವನಿಗೆ ಅದರ ಭಾರ ಗೊತ್ತು. ನಾಲ್ಕು ಋತು ಕಳೆದರೂ ಲೀಗಿನಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ಒಂದೇ ಗೋಲು. ಸೊಗಸಾಗಿ ಆಡುತ್ತಾನೆ, ಆದರೆ ಆಟ ಮುಗಿದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಮಾತು ಗ್ಯಾಲರಿಯಿಂದ ಚಹಾದಂಗಡಿಗೆ, ಅಲ್ಲಿಂದ ಮನೆಯೊಳಗೂ ಬಂದಿತ್ತು.

ಉಳಿದ ಮೂವರು 2017ರ ಹದಿನೇಳು ವಯಸ್ಸಿನೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ತಂಡದಲ್ಲಿದ್ದವರು. ಮಣಿಪುರದ ಜೀಕ್ಸನ್ ಸಿಂಗ್ ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಹೊಡೆದ ಗೋಲು ವಿಶ್ವಕಪ್ ಮಟ್ಟದಲ್ಲಿ ಭಾರತಕ್ಕೆ ದೊರೆತ ಮೊತ್ತಮೊದಲ ಗೋಲು. ತ್ರಿಶೂರಿನ ರಾಹುಲ್ ಕೆ.ಪಿ. ವೇಗಕ್ಕೆ ಹೆಸರಾದವನು, ಅಷ್ಟೇ ವೇಗವಾಗಿ ಗಾಯಗಳೂ ಅವನನ್ನು ಬೆನ್ನಟ್ಟುತ್ತಿದ್ದವು. ಬೆಂಗಳೂರು ತಂಡದಿಂದ ಬಂದಿದ್ದ ಗೋಲುರಕ್ಷಕ ಪ್ರಭಸುಖನ್ ಗಿಲ್ ಬೆಂಚಿನಲ್ಲಿ ಕುಳಿತು ತನ್ನ ಸರದಿ ಕಾಯುತ್ತಿದ್ದ. ಹದಿಹರೆಯದಲ್ಲೇ ದೇಶದ ಅಂಗಿ ತೊಟ್ಟವರು ಇಪ್ಪತ್ತು ದಾಟುವಾಗ ಜನರ ನೆನಪಿನಿಂದ ಜಾರಿದರೆ ಆ ನೋವು ಅವರೊಬ್ಬರದೇ ಆಗಿರುವುದಿಲ್ಲ. ಎಂಟನೆಯ ತರಗತಿಯಲ್ಲಿ ಬೆನ್ನು ತಟ್ಟಿಸಿಕೊಂಡ ಮಗು ಹತ್ತನೆಯದರಲ್ಲಿ ಮಂಕಾದಾಗ ಮನೆಯವರಿಗೆ ಆಗುವ ಕಳವಳವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2021ರ ಜೂನ್ ತಿಂಗಳಲ್ಲಿ ಹೊಸ ತರಬೇತುದಾರನ ಹೆಸರು ಪ್ರಕಟವಾಯಿತು: ಇವಾನ್ ವುಕೊಮಾನೊವಿಚ್, ಸೆರ್ಬಿಯಾದವರು. ಬೆಲ್ಜಿಯಂ, ಸ್ಲೊವಾಕಿಯಾ, ಸೈಪ್ರಸ್ ದೇಶಗಳಲ್ಲಿ ತರಬೇತಿ ನೀಡಿದ ಅನುಭವವಿತ್ತು. ಇಂಗ್ಲೆಂಡಿನಲ್ಲಿ ಈ ಹುದ್ದೆಗೆ ಮ್ಯಾನೇಜರ್ ಎನ್ನುತ್ತಾರೆ. ಅಲ್ಲಿ ಹಿಂದೆಲ್ಲ ಆಟಗಾರರನ್ನು ಕೊಳ್ಳುವುದರಿಂದ ಹಿಡಿದು ಎಲ್ಲದರಲ್ಲೂ ಅವನ ಮಾತೇ ನಡೆಯುತ್ತಿತ್ತು. ನಮ್ಮಲ್ಲಿ ಅವನು ಮುಖ್ಯ ತರಬೇತುದಾರ; ಆಟಗಾರರನ್ನು ಹುಡುಕಿ ತರುವ ಕೆಲಸ ಕ್ರೀಡಾ ನಿರ್ದೇಶಕನದು. ಮಲಯಾಳಿ ಅಭಿಮಾನಿ ಈ ಎರಡು ಹೆಸರನ್ನೂ ಬದಿಗಿಟ್ಟು ಅವರನ್ನು ‘ಆಶಾನ್’ ಎಂದು ಕರೆದ. ಆಚಾರ್ಯನೆಂಬ ಮಾತೇ ಮಲಯಾಳದ ಬಾಯಲ್ಲಿ ಸವೆದು ಆಶಾನ್ ಆದದ್ದು. ಮರಳಿನ ಮೇಲೆ ಅಕ್ಷರ ತಿದ್ದಿಸುವವನೂ ಆಶಾನ್, ಕಳರಿಯಲ್ಲಿ ಮೆಯ್ಯ ಪಟ್ಟು ಕಲಿಸುವವನೂ ಆಶಾನ್. ನಮ್ಮ ಕಡೆಯ ಮಾಷ್ಟ್ರು ಎಂಬ ಮಾತಿನಲ್ಲಿರುವ ಸಲುಗೆ ಮತ್ತು ಭಯ ಎರಡೂ ಅದರಲ್ಲಿವೆ.

ಆ ಬೇಸಿಗೆಯಲ್ಲಿ ಹಿಂದಿನ ವರ್ಷದ ವಿದೇಶಿ ಆಟಗಾರರನ್ನೆಲ್ಲ ಕಳುಹಿಸಲಾಯಿತು. ಉರುಗ್ವೆಯ ಅಡ್ರಿಯನ್ ಲೂನಾ, ಸ್ಪೇನಿನ ಅಲ್ವಾರೊ ವಾಸ್ಕೆಸ್, ಅರ್ಜೆಂಟೀನದ ಹೋರ್ಹೆ ಪೆರೇರಾ ದಿಯಾಸ್, ಕ್ರೊಯೇಷಿಯಾದ ಮಾರ್ಕೊ ಲೆಸ್ಕೊವಿಚ್ ಬಂದರು. ಉಳಿದುಕೊಂಡವರು ಭಾರತದ ಹುಡುಗರು. ಹೀಗಾಗಿ ಅಭಿಮಾನಿಯ ಲೆಕ್ಕ ಸರಳವಾಗಿತ್ತು: ಹೊಸ ವಿದೇಶಿಯರು ಚೆನ್ನಾಗಿ ಆಡಿದರೆ ಸಂತೋಷ; ಆದರೆ ಆಶಾನನ ಕೈಗುಣ ಗೊತ್ತಾಗಬೇಕಾದದ್ದು ಹಳಬರ ಮೇಲೆ.

ಮೊದಲ ಗುರುತುಗಳು ಒಳ್ಳೆಯವಾಗಿರಲಿಲ್ಲ. ಸೆಪ್ಟೆಂಬರಿನ ಡ್ಯುರಾಂಡ್ ಕಪ್ಪಿನಲ್ಲಿ ತಂಡವು ಗುಂಪಿನ ಹಂತದಲ್ಲೇ ಹೊರಬಿತ್ತು. ನವೆಂಬರ್ 1ರಂದು ಕೇರಳದ ಶಾಲೆಗಳು ಒಂದೂವರೆ ವರ್ಷದ ಬಳಿಕ ತೆರೆದವು. ಮಕ್ಕಳು ಮಾಸ್ಕಿನ ಹಿಂದಿನ ಮುಖಗಳನ್ನು ಗುರುತಿಸಲು ಕಲಿಯುತ್ತಿದ್ದ ಆ ದಿನಗಳಲ್ಲೇ, 19ರಂದು, ಲೀಗ್ ಆರಂಭವಾಯಿತು. ಎ.ಟಿ.ಕೆ. ಮೋಹನ್ ಬಗಾನ್ ನಾಲ್ಕು, ಬ್ಲಾಸ್ಟರ್ಸ್ ಎರಡು. ಹಿಂದಿನ ವರ್ಷದ್ದೇ ಕತೆ ಎಂದು ಹಲವರು ಟೀವಿ ಆರಿಸಿದರು. ಆದರೆ ಆ ಎರಡರಲ್ಲಿ ಒಂದು ಸಹಲನದು, ಅದನ್ನು ಒದಗಿಸಿದವನು ರಾಹುಲ್. ಅದೇ ಆಟದಲ್ಲಿ ರಾಹುಲ್ ಗಾಯಗೊಂಡು ಹೊರನಡೆದ, ತಿಂಗಳುಗಟ್ಟಲೆ ಮರಳಲಿಲ್ಲ. ಹೊಸ ಗುರುವಿನ ಮೊದಲ ಪಾಠದಲ್ಲೇ ಒಬ್ಬ ಶಿಷ್ಯ ಎದ್ದು ನಿಂತ, ಇನ್ನೊಬ್ಬ ಕುಸಿದ.

ವುಕೊಮಾನೊವಿಚ್ ಮಾಡಿದ ಬದಲಾವಣೆ ಮಂತ್ರವಿದ್ಯೆಯಲ್ಲ. ಇಬ್ಬರು ಮುನ್ನುಗ್ಗುವ ಆಟಗಾರರ ಹಿಂದೆ ನಾಲ್ವರ ಸಾಲು, ಅದರ ಹಿಂದೆ ಮತ್ತೆ ನಾಲ್ವರ ಸಾಲು: ಶಾಲೆಯ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದಾದ ಹಳೆಯ ವಿನ್ಯಾಸ. ಸಹಲನನ್ನು ಅವರು ಮೈದಾನದ ನಡುವಿನಿಂದ ಪಕ್ಕಕ್ಕೆ ಸರಿಸಿದರು. ನಡುವೆ ನಿಂತವನಿಗೆ ಬೆನ್ನ ಹಿಂದೆಯೂ ಎದುರಾಳಿ ಇರುತ್ತಾನೆ; ಪಕ್ಕದಿಂದ ಒಳಕ್ಕೆ ಬರುವವನಿಗೆ ಇಡೀ ಅಂಗಣ ಕಣ್ಣ ಮುಂದಿರುತ್ತದೆ, ಗೋಲಿನ ಬಾಯಿಯೂ ಹತ್ತಿರವಾಗುತ್ತದೆ. ಪ್ರತಿಯಾಗಿ ಅವನಿಂದ ಕೇಳಿದ್ದು ಬೆವರನ್ನು. ಚೆಂಡು ಕಳೆದುಕೊಂಡ ಗಳಿಗೆಯಲ್ಲೇ ತಿರುಗಿ ಓಡಬೇಕು, ತನ್ನ ಬದಿಯ ಹಿಂಸಾಲಿನ ಆಟಗಾರನಿಗೆ ನೆರವಾಗಬೇಕು. ಸೊಗಸಿಗೆ ಹೆಸರಾದವನಿಗೆ ದುಡಿಮೆಯ ಪಾಲು ಹಂಚಿದ್ದೇ ಆ ವರ್ಷದ ನಿಜವಾದ ಸುದ್ದಿಯೆಂದು ಹೇಳಬೇಕು. ಗೋಲುಗಳು ಅದರ ಹಿಂದಿನಿಂದ ಬಂದವು.

ಡಿಸೆಂಬರ್ 5ರಂದು ಒಡಿಶಾವನ್ನು ಸೋಲಿಸಿದಾಗ ತಂಡವು ಹನ್ನೊಂದು ಪಂದ್ಯಗಳ ಬಳಿಕ ಗೆಲುವಿನ ಮುಖ ಕಂಡಿತು. ಅಂದೇ ಗೋಲುರಕ್ಷಕ ಅಲ್ಬಿನೊ ಗೋಮ್ಸ್ ಗಾಯಗೊಂಡರು. ಬೆಂಚಿನಲ್ಲಿದ್ದ ಗಿಲ್ ಕೈಗವಸು ತೊಟ್ಟು ಒಳಗೆ ಬಂದ. ಅಂದು ಅಭಿಮಾನಿ ಕಣ್ಣು ಮುಚ್ಚಿಕೊಂಡದ್ದು ಸಹಜವೇ. ಋತುವಿನ ಕೊನೆಗೆ ಲೀಗಿನ ಅತ್ಯುತ್ತಮ ಗೋಲುರಕ್ಷಕನಿಗೆ ಸಲ್ಲುವ ಚಿನ್ನದ ಕೈಗವಸು ಸಿಕ್ಕಿದ್ದು ಅವನಿಗೆ.

ಡಿಸೆಂಬರ್ 19ರಂದು ಎದುರಾದದ್ದು ಹಾಲಿ ಚಾಂಪಿಯನ್ ಮುಂಬಯಿ ಸಿಟಿ. ದಿಯಾಸ್ ಬದಿಯಿಂದ ತೇಲಿಸಿದ ಚೆಂಡು ನೆಲ ಮುಟ್ಟುವ ಮುನ್ನವೇ ಸಹಲನ ಬಲಗಾಲು ಅದನ್ನು ಬಲೆಗೆ ಹೊಡೆಯಿತು. ಮುಂಬಯಿ ಮೂರು ಗೋಲುಗಳಿಂದ ಸೋತಿತು. ಮೂರು ದಿನಗಳ ಬಳಿಕ ಚೆನ್ನೈಯಿನ್ ತಂಡಕ್ಕೂ ಮೂರು, ಅದರಲ್ಲೂ ಸಹಲನದೊಂದು. ಜಮ್‌ಶೆಡ್‌ಪುರದ ವಿರುದ್ಧ ಮತ್ತೊಂದು. ಜನವರಿ 9ರಂದು ಹೈದರಾಬಾದನ್ನು ವಾಸ್ಕೆಸನ ಒಂದೇ ಗೋಲಿನಿಂದ ಮಣಿಸಿದಾಗ ಬ್ಲಾಸ್ಟರ್ಸ್ ಪಟ್ಟಿಯ ತುದಿಯಲ್ಲಿತ್ತು. ಹತ್ತು ಪಂದ್ಯಗಳ ಕಾಲ ಅದನ್ನು ಯಾರೂ ಸೋಲಿಸಲಿಲ್ಲ.

ಆಮೇಲೆ ಕೋವಿಡ್ ತಂಡದ ಹೋಟೆಲಿನೊಳಗೆ ನುಗ್ಗಿತು. ಆಟಗಾರರು ಕೋಣೆಗಳಲ್ಲಿ ಬಂದಿಗಳಾದರು, ಪಂದ್ಯ ಮುಂದೂಡಲ್ಪಟ್ಟಿತು. ಸಾಕಷ್ಟು ಅಭ್ಯಾಸವಿಲ್ಲದೆ ಜನವರಿ 30ರಂದು ಅಂಗಣಕ್ಕಿಳಿದಾಗ ಬೆಂಗಳೂರಿನ ರೋಷನ್ ಸಿಂಗ್ ಹೊಡೆದ ಫ್ರೀ ಕಿಕ್ ಅಜೇಯ ಓಟವನ್ನು ನಿಲ್ಲಿಸಿತು. ಕೇರಳದಲ್ಲಿದ್ದುಕೊಂಡು ಕನ್ನಡ ಓದುವ ಮನೆಗಳಲ್ಲಿ ಬೆಂಗಳೂರು–ಬ್ಲಾಸ್ಟರ್ಸ್ ಪಂದ್ಯದ ದಿನ ಒಂದು ವಿಚಿತ್ರ ಪೇಚು ಇರುತ್ತದೆ. ಅಪ್ಪನ ಒಲವು ಒಂದು ಕಡೆ, ಮಗನ ಗೆಳೆಯರೆಲ್ಲ ಇನ್ನೊಂದು ಕಡೆ. ಸಾಮಾನ್ಯವಾಗಿ ಗೆಳೆಯರೇ ಗೆಲ್ಲುತ್ತಾರೆ.

ಲೀಗಿನಲ್ಲಿ ನಾಲ್ಕನೆಯ ಸ್ಥಾನ. ಸೆಮಿಫೈನಲಿನಲ್ಲಿ ಎದುರಾಳಿ ಪಟ್ಟಿಯ ಮೊದಲಿಗ ಜಮ್‌ಶೆಡ್‌ಪುರ. ಮಾರ್ಚ್ 11ರಂದು ವಾಸ್ಕೆಸ್ ದೂರದಿಂದ ಎತ್ತಿಕೊಟ್ಟ ಚೆಂಡಿಗೆ ಸಹಲ್ ಓಡಿದ. ಗೋಲುರಕ್ಷಕ ರೆಹನೇಶ್, ಅವನೂ ಮಲಯಾಳಿಯೇ, ಮುಂದೆ ಬಂದಿದ್ದ. ಅವನ ತಲೆಯ ಮೇಲಿಂದ ಚೆಂಡು ಮೆಲ್ಲಗೆ ಹಾರಿ ಬಲೆ ಸೇರಿತು. ಆ ಋತುವಿನಲ್ಲಿ ಸಹಲನ ಆರನೆಯ ಗೋಲು ಅದು, ಕೊನೆಯದೂ ಹೌದು. ಎರಡನೆಯ ಸೆಮಿಫೈನಲಿಗೆ ಮೊದಲೇ ಅವನು ಗಾಯಗೊಂಡ. ಲೂನಾನ ಗೋಲಿನಿಂದ ತಂಡ ದಡ ಸೇರಿತು. ಫೈನಲಿಗೆ ತಲುಪಿಸಿದ ಹುಡುಗ ಮಾತ್ರ ಫೈನಲ್ ಆಡಲಿಲ್ಲ.

ಹೀಗೆ ಮತ್ತೆ ಮಾರ್ಚ್ 20. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಅಂದು ಸಂಜೆ ಪುಸ್ತಕ ತೆರೆದವರು ಕಡಿಮೆಯೆಂದು ಊಹಿಸಿದರೆ ತಪ್ಪಾಗದು. ಎರಡೂ ತಂಡಗಳ ಬಣ್ಣ ಹಳದಿಯಾದ್ದರಿಂದ ಪಟ್ಟಿಯಲ್ಲಿ ಮೇಲಿದ್ದ ಹೈದರಾಬಾದಿಗೆ ಹಳದಿ ಸಿಕ್ಕಿತು, ಬ್ಲಾಸ್ಟರ್ಸ್ ಕಪ್ಪು ಅಂಗಿ ತೊಡಬೇಕಾಯಿತು. ಅಂಗಣದಲ್ಲಿ ಇಲ್ಲದ ಹಳದಿಯನ್ನು ಗ್ಯಾಲರಿ ತುಂಬಿಕೊಟ್ಟಿತು. 68ನೆಯ ನಿಮಿಷದಲ್ಲಿ ಜೀಕ್ಸನ್ ಕೊಟ್ಟ ಚೆಂಡನ್ನು ರಾಹುಲ್ ದೂರದಿಂದಲೇ ಬಾರಿಸಿದ. ಹೈದರಾಬಾದಿನ ಗೋಲುರಕ್ಷಕ ಲಕ್ಷ್ಮೀಕಾಂತ ಕಟ್ಟಿಮನಿಯ ಕೈಗೆ ತಾಗಿಯೂ ಚೆಂಡು ಒಳಗೆ ಜಾರಿತು. ಮೊದಲ ಪಂದ್ಯದಲ್ಲಿ ಕುಸಿದ ಹುಡುಗ ಕೊನೆಯ ಪಂದ್ಯದಲ್ಲಿ ಗೋಲು ಹೊಡೆದಿದ್ದ. ಇಪ್ಪತ್ತು ನಿಮಿಷ ತಂಡವು ಚಾಂಪಿಯನ್ ಆಗಿತ್ತು. 88ರಲ್ಲಿ ಸಾಹಿಲ್ ತವೋರ ಸಮ ಮಾಡಿದ.

ಪೆನಾಲ್ಟಿ ಒದೆತದಲ್ಲಿ ಕಟ್ಟಿಮನಿ ಬೇರೆಯೇ ಮನುಷ್ಯನಾದ. ಲೆಸ್ಕೊವಿಚ್ ಹೊಡೆದದ್ದನ್ನು ತಡೆದ. ನಿಶು ಕುಮಾರ್ ಹೊಡೆದದ್ದನ್ನು ತಡೆದ. ಗೆರೆ ಬಿಟ್ಟು ಮುಂದೆ ಬಂದನೆಂದು ರೆಫರಿ ಮತ್ತೆ ಹೊಡೆಸಿದರೆ ಅದನ್ನೂ ತಡೆದ. ಕೊನೆಗೆ ಬಂದವನು ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು ಹೊಡೆದ ಜೀಕ್ಸನ್. ಅವನದೂ ಕಟ್ಟಿಮನಿಯ ಕೈ ದಾಟಲಿಲ್ಲ. 3–1. ಒಂದು ತಾಸಿನ ಹಿಂದೆ ಕೈಜಾರಿಸಿಕೊಂಡಿದ್ದವನು ಕಪ್ಪು ಗೆದ್ದುಕೊಟ್ಟ. ಗೋವಾದ ಈ ಆಟಗಾರನ ಹೆಸರು ಬಡಗು ಕರ್ನಾಟಕದವರಿಗೆ ತೀರ ಪರಿಚಿತವಾದ ಮನೆತನದ ಹೆಸರು. ಅಂದು ರಾತ್ರಿ ಕಾಸರಗೋಡಿನ ಅಭಿಮಾನಿಗೆ ಅದು ಸಮಾಧಾನವೇನೂ ಆಗಲಿಲ್ಲ.

ಆದರೂ ಅಕ್ಟೋಬರ್ 7ರಂದು ಕೊಚ್ಚಿಯ ಕಲೂರು ಕ್ರೀಡಾಂಗಣ ತೆರೆದಾಗ ಗ್ಯಾಲರಿ ಹಳದಿಯಾಗಿತ್ತು, ಈಸ್ಟ್ ಬೆಂಗಾಲ್ 3–1ರಿಂದ ಸೋತಿತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಸುನಿಲ್ ಛೆಟ್ರಿಯ ಫ್ರೀ ಕಿಕ್ ಗೋಲನ್ನು ಒಪ್ಪದೆ ಆಶಾನ್ ತಂಡವನ್ನೇ ಅಂಗಣದಿಂದ ಹೊರಗೆ ಕರೆದರು. ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ, ಅವರಿಗೆ ಹತ್ತು ಪಂದ್ಯಗಳ ನಿಷೇಧ. ಅಭಿಮಾನಿ ಅದನ್ನೂ ಸಮರ್ಥಿಸಿದ; ಅಭಿಮಾನವೆಂದರೆ ನ್ಯಾಯಾಲಯವಲ್ಲ. ಮುನಿದು ಎದ್ದುಹೋದ ತಂಡವನ್ನು ಮಕ್ಕಳ ಮುಂದೆ ಹೊಗಳುವುದು ಮಾತ್ರ ಕಷ್ಟ.

2023ರ ಜುಲೈಯಲ್ಲಿ ಸಹಲ್ ಮೋಹನ್ ಬಗಾನಿಗೆ ಹೋದ. ಗಿಲ್ ಈಸ್ಟ್ ಬೆಂಗಾಲಿಗೆ, ಮರುವರ್ಷ ಜೀಕ್ಸನ್ ಕೂಡ ಅಲ್ಲಿಗೇ. 2024ರ ಏಪ್ರಿಲ್ 26ರಂದು ಆಶಾನ್ ತಂಡವನ್ನು ಬಿಟ್ಟರು. 2025ರ ಆರಂಭದಲ್ಲಿ ರಾಹುಲ್ ಒಡಿಶಾ ಸೇರಿದ. ಸಹಲ್ ಕೋಲ್ಕತ್ತದಲ್ಲಿ ಲೀಗ್ ಶೀಲ್ಡನ್ನೂ ಕಪ್ಪನ್ನೂ ಗೆದ್ದ ತಂಡದಲ್ಲಿದ್ದ. ಗಿಲ್ 2024ರ ಸೂಪರ್ ಕಪ್ ಗೆದ್ದ ತಂಡದಲ್ಲಿ. ಬ್ಲಾಸ್ಟರ್ಸಿನ ಕಪಾಟು 2024-25ರ ಋತು ಮುಗಿದಾಗಲೂ ಖಾಲಿಯೇ. ಬಾಡಿದ ಹುಡುಗರು ಚಿಗುರಬೇಕೆಂದು ಅಭಿಮಾನಿ ಬಯಸಿದ್ದ. ಅವರು ಚಿಗುರಿದರು, ಹಣ್ಣು ಬೇರೆಯವರ ಅಂಗಳಕ್ಕೆ ಬಿತ್ತು.

ಸಹಲನ 18ರ ಸಂಖ್ಯೆ ಬರೆದ, ಆ ವರ್ಷ ಕೊಂಡ ಅಂಗಿಗಳು ಈಗ ಅಣ್ಣಂದಿರ ಮೈಗೆ ಹಿಡಿಯುವುದಿಲ್ಲ. ಬಣ್ಣ ಮಾಸಿದರೂ ತಮ್ಮಂದಿರು ಅವನ್ನೇ ತೊಟ್ಟು ಶಾಲೆ ಬಿಟ್ಟ ಮೇಲೆ ಮೈದಾನಕ್ಕೆ ಇಳಿಯುತ್ತಾರೆ.