ಪಾಸ್‌ವರ್ಡ್ ಬದಲಾವಣೆಯ ತೊಡಕು: ಸದಸ್ಯರು ತಿಳಿದಿರಬೇಕಾದ ಅಂಶಗಳು

ಕೆಂಗೇರಿ ಹೋಬಳಿಯಂತಹ ನಗರದಂಚಿನ ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11ಕ್ಕಾಗಿ ಸಾರ್ವಜನಿಕರು ಸದಾ ಬರುತ್ತಿರುತ್ತಾರೆ. "ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ, ನಾಳೆ ಬನ್ನಿ" ಎಂಬ ಉತ್ತರ ಅವರಿಗೆ ನೆಪದಂತೆ ಕೇಳಿಸಿ, ದೂರು ಮಾನ್ಯ ಸದಸ್ಯರಲ್ಲಿಗೆ ಬರುತ್ತದೆ. ಅದು ಎಲ್ಲ ಸಂದರ್ಭಗಳಲ್ಲಿಯೂ ನೆಪವಲ್ಲ.

ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮ್‌ಸ್ವರಾಜ್, ಇ-ಮೇಲ್ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇರಬೇಕು. ಎಲ್ಲವನ್ನೂ ನೆನಪಿಡಲಾಗದೆ ಬೀರುವಿನ ಬಾಗಿಲಿಗೆ ಚೀಟಿ ಅಂಟಿಸುವ ರೂಢಿಯೂ ಇದೆ. ಅದಕ್ಕಿಂತ ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶ ಎಷ್ಟೋ ಮೇಲು. ಅದು ಎಲ್ಲ ಪಾಸ್‌ವರ್ಡ್‌ಗಳನ್ನೂ ಗೂಢಲಿಪಿಯಲ್ಲಿಟ್ಟು ಒಂದೇ ಮುಖ್ಯ ಪಾಸ್‌ವರ್ಡ್‌ನಿಂದ ಬೀಗ ಹಾಕುತ್ತದೆ. ಹೊಸದನ್ನು ತಾನೇ ರಚಿಸಿಕೊಡುತ್ತದೆ.

ತೊಡಕು ಉಂಟಾಗುವುದು ಬದಲಾಯಿಸುವಾಗ. ತಂತ್ರಾಂಶವು 20 ಅಕ್ಷರಗಳ ಪಾಸ್‌ವರ್ಡ್ ರಚಿಸಿದರೆ, ಜಾಲತಾಣವು 12ಕ್ಕಿಂತ ಹೆಚ್ಚು ಒಪ್ಪದಿರಬಹುದು. ಕೆಲವು ತಾಣಗಳು ಕೆಲವು ಚಿಹ್ನೆಗಳನ್ನು ತಿರಸ್ಕರಿಸುತ್ತವೆ. ಕೆಲವು ಪೇಸ್ಟ್ ಮಾಡಲು ಬಿಡುವುದಿಲ್ಲ. ತಾಣ ಒಪ್ಪುವ ಮೊದಲೇ ತಂತ್ರಾಂಶ ಹೊಸದನ್ನು ಉಳಿಸಿಕೊಂಡರೆ ಎರಡಕ್ಕೂ ತಾಳೆಯಾಗುವುದಿಲ್ಲ. ಮರಳಿ ಮರಳಿ ತಪ್ಪಾಗಿ ಖಾತೆ ಬಂದ್ ಆಗುತ್ತದೆ. ಬಿಡಿಸಿಕೊಳ್ಳಲು ಬೇಕಾದ ಒಟಿಪಿಯು ವರ್ಗಾವಣೆಯಾಗಿ ಹೋದ ಅಧಿಕಾರಿಯ ಮೊಬೈಲಿಗೆ ಹೋದರಂತೂ ಆ ದಿನದ ಕೆಲಸ ಮುಗಿದಂತೆಯೇ!

ಆದ್ದರಿಂದ ಖಾತೆಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಮೊದಲು ಪರಿಶೀಲಿಸತಕ್ಕದ್ದು. ತಾಣದ ನಿಯಮ ಓದಿ, ಅದಕ್ಕೆ ತಕ್ಕ ಉದ್ದವನ್ನು ತಂತ್ರಾಂಶದಲ್ಲಿ ನಿಗದಿಪಡಿಸಬೇಕು. ಬದಲಾವಣೆ ಯಶಸ್ವಿಯಾಯಿತೆಂದು ತಾಣ ತೋರಿಸಿದ ನಂತರವೇ "ಉಳಿಸು" ಒತ್ತಿ, ಕೂಡಲೇ ಹೊರಬಂದು ಮತ್ತೆ ಲಾಗಿನ್ ಆಗಿ ನೋಡಬೇಕು. ಹಳೆಯ ಪಾಸ್‌ವರ್ಡ್ ಅಳಿಸಿತೆಂದು ಗಾಬರಿ ಬೇಡ. ಹಲವು ತಂತ್ರಾಂಶಗಳ ಇತಿಹಾಸ ವಿಭಾಗದಲ್ಲಿ ಅದು ದೊರೆಯುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಸೋರಿಕೆಯ ಸುಳಿವಿಲ್ಲದೆ ನಿಗದಿತ ಅವಧಿಗೊಮ್ಮೆ ಬದಲಾಯಿಸಬೇಕೆಂಬ ಕಡ್ಡಾಯ ಬೇಡವೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಸಲಹೆ ನೀಡಿದೆ. ಇದು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಪೋರ್ಟಲ್ ಕೇಳಿದಾಗ ಬದಲಾಯಿಸದೆ ವಿಧಿಯಿಲ್ಲ.

ಮಾನ್ಯ ಅಧ್ಯಕ್ಷರಲ್ಲಿ ಒಂದು ವಿನಂತಿ. ತಮ್ಮ ಡಿಜಿಟಲ್ ಸಹಿಯ ಡೋಂಗಲ್ ಮತ್ತು ಪಿನ್ ಎರಡೂ ಆಪರೇಟರ್ ಮೇಜಿನ ಡ್ರಾಯರ್‌ನಲ್ಲಿದ್ದರೆ ಯಾವ ತಂತ್ರಾಂಶವೂ ರಕ್ಷಿಸದು. ತಾವು ನೋಡದ ಬಿಲ್ಲಿಗೂ ತಮ್ಮ ಸಹಿ ಬೀಳಬಹುದು. ಇನ್ನೊಬ್ಬರ ಡಿಜಿಟಲ್ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಅನ್ವಯ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಹಣ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.