ಮೋಟಾರು ವೈದ್ಯರ ಕಷ್ಟಸುಖ

ಮನೆಯ ಹಸು ಮೇವು ಬಿಟ್ಟರೆ ಆ ದಿನವೇ ನಮಗೆ ತಿಳಿಯುತ್ತದೆ. ಮಗುವಿನ ಮೈ ಕಾದರೆ ತಾಯಿಯ ಅಂಗೈ ಅದನ್ನು ಕೂಡಲೆ ಗುರುತಿಸುತ್ತದೆ. ಆದರೆ ಮನೆಯ ಮುಂದೆ ನಿಂತಿರುವ ಮೋಟಾರು ಕಾರು ನರಳುತ್ತಿದ್ದರೆ ಅದರ ಯಜಮಾನನಿಗೆ ಅರಿವಾಗುವುದು, ಬಹುಮಟ್ಟಿಗೆ, ಅದು ನಡುದಾರಿಯಲ್ಲಿ ನಿಂತ ಮೇಲೆಯೇ. ಹಾಗೆ ನಿಂತ ವಾಹನಗಳೆಲ್ಲ ಕೊನೆಗೆ ಹೋಗಿ ಸೇರುವ ಸ್ಥಳ ಗ್ಯಾರೇಜು. ಅಲ್ಲಿ ಎಣ್ಣೆ ಮೆತ್ತಿದ ಬಟ್ಟೆ ತೊಟ್ಟು ದುಡಿಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಬಳಿ ಕುಳಿತು ಅವರ ಮಾತನ್ನು ಕೇಳಿದವರು ವಿರಳ.

ಈ ಲೇಖಕನಿಗೆ ಆ ಸುಯೋಗ ಒದಗಿದುದು ತನ್ನ ಸ್ವಂತ ಅಜಾಗರೂಕತೆಯಿಂದ. ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿರುವ ನಾನು, ಕೊಂಡು ಐದು ವರ್ಷವಾಗಿದ್ದ ನನ್ನ ಕಾರನ್ನು ಪೆಟ್ರೋಲು ಹಾಕುವುದರ ಹೊರತು ಬೇರೆ ಯಾವ ವಿಧದಲ್ಲಿಯೂ ವಿಚಾರಿಸಿಕೊಂಡಿರಲಿಲ್ಲ. ಒಮ್ಮೆ ಸಂಸಾರಸಮೇತನಾಗಿ ಆಗುಂಬೆ ಘಟ್ಟವನ್ನಿಳಿದು ಉಡುಪಿಯ ಕಡೆಗೆ ಹೋಗಬೇಕಾಗಿತ್ತು. ಎರಡು ತಿಂಗಳಿಂದ ಮುಂದಿನ ಚಕ್ರದಲ್ಲಿ ಕೀರಲು ಸದ್ದೊಂದು ಬರುತ್ತಿದ್ದುದರಿಂದ, ಅದನ್ನು ನಿಲ್ಲಿಸಿಕೊಂಡು ಹೋಗೋಣವೆಂದು ಹೊರಡುವ ಹಿಂದಿನ ದಿನ ಮಲೆನಾಡಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿಗಳು ಚಕ್ರವನ್ನು ಕಳಚಿ ನೋಡಿದರು. ಬಾನೆಟ್ಟನ್ನು ಎತ್ತಿ ಒಂದು ಚಿಕ್ಕ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

“ಮೇಷ್ಟ್ರೇ, ಕಾರು ಇವತ್ತು ಇಲ್ಲೇ ಇರಲಿ. ಹೀಗೇ ಘಟ್ಟ ಇಳಿಯುವ ಮಾತು ಬೇಡ” ಎಂದರು.

ಹಣ ಕೀಳುವ ಉಪಾಯವಿರಬೇಕೆಂದು ನನಗೆ ಸಂಶಯವಾಯಿತು. ಕಾವಲು ಕಾಯುವವನಂತೆ ಅಲ್ಲಿಯೇ ಒಂದು ಹಳೆಯ ಟೈರಿನ ಮೇಲೆ ಕುಳಿತೆ. ಆ ಮಧ್ಯಾಹ್ನ ನಾನು ಕಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾಗದ ಅಂಟಿಸಿದ ದೀಪ

ನನಗಿಂತ ಮೊದಲೇ ಬಂದಿದ್ದ ರೋಗಿ ಒಬ್ಬ ವರ್ತಕರ ಕಾರು. ಎಂಜಿನ್ನಿನ ಕೆಳಭಾಗದಿಂದ ಸುತ್ತಿಗೆಯಿಂದ ಬಡಿದಂತೆ ಸದ್ದು ಬರುತ್ತಿತ್ತು. ಮೇಸ್ತ್ರಿಗಳು ಉದ್ದವಾದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಆಲಿಸಿದರು. ಗಾಳಿಗಿಂತ ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುವುದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಇವರು ಅದನ್ನೇ ವೈದ್ಯರ ಸ್ಟೆತಾಸ್ಕೋಪಿನಂತೆ ಬಳಸುತ್ತಿದ್ದರು.

“ಸಾಹುಕಾರ್ರೇ, ಕೆಂಪು ದೀಪ ಹೊತ್ತಿಕೊಳ್ಳಲಿಲ್ಲವೇ?”

“ಬಿಟ್ಟು ಬಿಟ್ಟು ಹೊತ್ತುತ್ತಿತ್ತಪ್ಪಾ. ರಾತ್ರಿ ಹೊತ್ತು ಕಣ್ಣಿಗೆ ಚುಚ್ಚುತ್ತಿತ್ತು ಅಂತ ಕರಿಯ ಕಾಗದ ಅಂಟಿಸಿದೆ.”

ಗ್ಯಾರೇಜಿನ ಹುಡುಗರು ನಕ್ಕರು, ಮೇಸ್ತ್ರಿಗಳು ನಗಲಿಲ್ಲ. ಕೆಳಗಿನ ತಿರುಪನ್ನು ಬಿಚ್ಚಿದಾಗ ಎಣ್ಣೆ ಕಾಕಂಬಿಯಂತೆ ಇಳಿಯಿತು. ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು.

ಆ ಎಣ್ಣೆಯ ಕೆಲಸವೇನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೫೦ ಸುತ್ತಾಯಿತು. ಪಿಸ್ಟನ್ನು ಮೇಲಿಂದ ಕೆಳಕ್ಕೆ ೮ ಸೆಂಟಿಮೀಟರು ಚಲಿಸುವುದಾದರೆ ಒಂದು ಸುತ್ತಿಗೆ ೧೬ ಸೆಂಟಿಮೀಟರು. ಸೆಕೆಂಡಿಗೆ ೮ ಮೀಟರು. ಲೋಹದ ಮೇಲೆ ಲೋಹ ಈ ವೇಗದಲ್ಲಿ ಉಜ್ಜಿದರೆ ಕೆಲವೇ ನಿಮಿಷಗಳಲ್ಲಿ ಎರಡೂ ಕೆಡುವುವು. ಹಾಗಾಗದಂತೆ ತಡೆಯುವುದು ಎಣ್ಣೆಯ ಪೊರೆ. ತಿರುಗುವ ದಂಡಕ್ಕೂ ಅದರ ಬೇರಿಂಗಿಗೂ ನಡುವೆ ಇರುವ ಆ ಪೊರೆಯ ದಪ್ಪ, ಒಂದು ಮಿಲಿಮೀಟರಿನ ಸಾವಿರದ ಕೆಲವೇ ಅಂಶಗಳಷ್ಟು. ತಲೆಗೂದಲಿಗಿಂತ ಎಷ್ಟೋ ತೆಳುವು.

ಈ ರಹಸ್ಯ ಬೆಳಕಿಗೆ ಬಂದುದು ಆಕಸ್ಮಿಕವಾಗಿ. ೧೮೮೩ರ ಸುಮಾರಿಗೆ ಇಂಗ್ಲೆಂಡಿನ ಬೋಷಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಅವನು ಕೊರೆದ ರಂಧ್ರದಿಂದ, ಅಚ್ಚು ತಿರುಗುತ್ತಿದ್ದಾಗ, ಎಣ್ಣೆ ಹೊರಕ್ಕೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯೇ ಹೊರಬಿತ್ತು. ಒತ್ತಡಮಾಪಕವನ್ನು ಜೋಡಿಸಿದಾಗ, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ಭಾರವನ್ನು ಎತ್ತಿ ಹಿಡಿಯುವಷ್ಟು ಒತ್ತಡವನ್ನು ಉಂಟುಮಾಡುತ್ತದೆಂಬುದು ಸ್ಪಷ್ಟವಾಯಿತು. ೧೮೮೬ರಲ್ಲಿ ಆಸ್ಬಾರ್ನ್ ರೆನಾಲ್ಡ್ಸನು ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟನು.

ಎಣ್ಣೆ ಹಳತಾದಂತೆ ಮಸಿ ಸೇರಿ, ಗಾಳಿಯ ಆಮ್ಲಜನಕದೊಡನೆ ಕೂಡಿ, ಕೆಸರಿನಂತಾಗಿ, ಪಂಪಿನ ಜಾಲರಿಯನ್ನು ಮುಚ್ಚುತ್ತದೆ. ಆಗ ಒತ್ತಡ ಕುಸಿಯುತ್ತದೆ. ಕೆಂಪು ದೀಪ ಹೊತ್ತುತ್ತದೆ. ಅದು ಹೊತ್ತಿದಾಗ ಮಾಡಬೇಕಾದುದು ಒಂದೇ: ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸುವುದು. ವರ್ತಕರು ಉಳಿಸಿದುದು ಕೆಲವು ಲೀಟರು ಎಣ್ಣೆಯ ಬೆಲೆ. ಕಳೆದುಕೊಂಡುದು ಎಂಜಿನ್ನಿನ ಹೃದಯ.

ಒತ್ತಡದಲ್ಲಿ ಬಂಧಿಯಾದ ನೀರು

ಅಷ್ಟರಲ್ಲಿ ಬಯಲುಸೀಮೆಯಿಂದ ಬಂದ ಟ್ಯಾಕ್ಸಿಯೊಂದು ಹೊಗೆಯಂತೆ ಆವಿ ಕಾರುತ್ತ ಬಂದು ನಿಂತಿತು. ಚಾಲಕ ತರುಣ ಇಳಿದವನೇ ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಮೇಸ್ತ್ರಿಗಳು ಓಡಿಹೋಗಿ ಅವನ ರಟ್ಟೆ ಹಿಡಿದು ಎಳೆದರು.

“ಮುಟ್ಟಬೇಡ, ತಮ್ಮಾ! ಇದನ್ನು ನೋಡು” ಎಂದು ತಮ್ಮ ತೋಳನ್ನು ತೋರಿಸಿದರು. ಮಣಿಕಟ್ಟಿನಿಂದ ಮೊಣಕೈಯವರೆಗೆ ಚರ್ಮ ಸುಕ್ಕುಗಟ್ಟಿತ್ತು. ಹಲವು ವರ್ಷಗಳ ಹಿಂದೆ, ಅವರು ಎಂಜಿನ್ನಿನ ಮೇಲೆ ಬಾಗಿ ನೋಡುತ್ತಿದ್ದಾಗ, ಅವಸರದ ಯಜಮಾನನೊಬ್ಬ ಹೇಳದೆ ಕೇಳದೆ ಮುಚ್ಚಳ ತಿರುಗಿಸಿದ್ದನಂತೆ. ಆತ ಹಿಂದಕ್ಕೆ ಹಾರಿ ಪಾರಾದ. ಕುದಿನೀರು ಬಿದ್ದುದು ಇವರ ಮೇಲೆ.

ಬಯಲಿನಲ್ಲಿಟ್ಟ ನೀರು ೧೦೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದಲ್ಲಿರುವ ಸ್ಪ್ರಿಂಗು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿಸಿದರೆ, ನೀರು ೧೨೦ ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ, ಕುದಿಬಿಂದುವೂ ಇಳಿಯುತ್ತದೆ, ನೀರಿನ ಒಂದು ಭಾಗ ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮಿಗಿಲಾಗುವುದರಿಂದ, ಉಳಿದ ಕುದಿನೀರನ್ನೂ ಅದು ಚಿಲುಮೆಯಂತೆ ಎರಚುತ್ತದೆ. ಎಂಜಿನ್ನು ಪೂರ್ತಿ ತಣಿಯುವವರೆಗೆ ಕಾಯುವುದೇ ವಿವೇಕ.

ಕಾರಣವೇನೆಂದು ವಿಚಾರಿಸಿದಾಗ, ಆತ ಶೈತ್ಯದ್ರವದ ಬದಲು ಮೂರು ವರ್ಷದಿಂದ ಕೊಳವೆಬಾವಿಯ ನೀರನ್ನೇ ತುಂಬುತ್ತಿದ್ದುದು ತಿಳಿಯಿತು. ಬಚ್ಚಲಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಕಿಟ್ಟವನ್ನು ಯಾರು ಕಂಡಿಲ್ಲ? ಅದೇ ಕಿಟ್ಟ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿ ಉಷ್ಣದ ದಾರಿಯನ್ನು ಮುಚ್ಚಿತ್ತು.

ಐದು ಮಳೆಗಾಲ ಕುಡಿದ ದ್ರವ

ಕೊನೆಗೆ ನನ್ನ ಸರದಿ ಬಂದಿತು. ಮೇಸ್ತ್ರಿಗಳು ಎರಡು ಸೀಸೆಗಳನ್ನು ತಂದು ನನ್ನ ಮುಂದಿಟ್ಟರು. ಒಂದರಲ್ಲಿ ಹೊಸ ಬ್ರೇಕು ದ್ರವ. ತಿಳಿಯಾದ ಜೇನಿನ ಬಣ್ಣ. ಇನ್ನೊಂದರಲ್ಲಿ ನನ್ನ ಕಾರಿನಿಂದ ತೆಗೆದುದು, ಕಷಾಯದ ಬಣ್ಣ.

“ಈ ಎಣ್ಣೆ ನೀರು ಕುಡಿಯುತ್ತದೆ, ಮೇಷ್ಟ್ರೇ. ನಿಮ್ಮದು ಐದು ಮಳೆಗಾಲ ಕುಡಿದಿದೆ.”

ನಾಚಿಕೆಯಿಂದ ತಲೆ ತಗ್ಗಿತು. ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮಕ್ಕೆ ಬ್ರೇಕನ್ನೇ ಉದಾಹರಣೆಯಾಗಿ ಕೊಟ್ಟು ನಾನು ಪ್ರತಿವರ್ಷ ಪಾಠ ಮಾಡಿದ್ದೇನೆ. ಆದರೆ ಬ್ರೇಕು ದ್ರವ ಗಾಳಿಯ ತೇವವನ್ನು ಹೀರುವುದೆಂದೂ ಆ ದ್ರವಕ್ಕೂ ಒಂದು ಕುದಿಬಿಂದು ಉಂಟೆಂದೂ ಯೋಚಿಸಿರಲಿಲ್ಲ. ಡಾಟ್ ೩ ಎಂಬ ವರ್ಗದ ದ್ರವ ಹೊಸದಾಗಿರುವಾಗ ೨೦೫ ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ಶೇಕಡಾ ನಾಲ್ಕಕ್ಕೂ ಕಡಿಮೆ ನೀರು ಸೇರಿದರೆ ಸಾಕು, ಈ ಮಿತಿ ೧೪೦ ಡಿಗ್ರಿಗೆ ಇಳಿಯುತ್ತದೆ.

ಈಗ ಘಟ್ಟವನ್ನು ನೆನೆಯಿರಿ. ಜನರು ಸೇರಿ ೧೨೦೦ ಕಿಲೋಗ್ರಾಂ ತೂಗುವ ಕಾರು ೫೦೦ ಮೀಟರು ಕೆಳಗಿಳಿದರೆ ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು ೫೯ ಲಕ್ಷ ಜೂಲ್. ವೇಗ ಹೆಚ್ಚಬಾರದಾದರೆ ಈ ಶಕ್ತಿಯೆಲ್ಲ ಉಷ್ಣವಾಗಲೇಬೇಕು. ೩೦ ಡಿಗ್ರಿಯ ೨೦ ಲೀಟರು ನೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಉಷ್ಣ ಸಾಕು. ಗೇರು ತಗ್ಗಿಸದೆ ಬ್ರೇಕನ್ನೇ ನೆಚ್ಚಿಕೊಂಡು ಇಳಿಯುವವನು ಅದರ ಬಹುಭಾಗವನ್ನು ಚಕ್ರಗಳ ಬಳಿಯ ಕೆಲವು ಕಿಲೋಗ್ರಾಂ ಕಬ್ಬಿಣದೊಳಕ್ಕೆ ತುಂಬುತ್ತಾನೆ. ನೀರು ಕುಡಿದ ದ್ರವ ಆಗ ಕುದಿದು ಆವಿಗುಳ್ಳೆಗಳಾಗುತ್ತದೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಿಟ್ಟರೆ ಪೆಡಲು ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

“ಆ ಕೀರಲು ಸದ್ದು?” ಎಂದು ಕೇಳಿದೆ.

ಅವರು ಸವೆದ ಬ್ರೇಕು ಪ್ಯಾಡನ್ನು ಎತ್ತಿ, ಅದರ ಅಂಚಿನ ಸಣ್ಣ ಲೋಹದ ನಾಲಗೆಯನ್ನು ತೋರಿಸಿದರು. ಪ್ಯಾಡು ಮಿತಿಮೀರಿ ಸವೆದಾಗ ಆ ನಾಲಗೆ ತಿರುಗುವ ತಟ್ಟೆಗೆ ತಾಗಿ ಕೂಗಲೆಂದು ತಯಾರಕರೇ ಅದನ್ನು ಇಟ್ಟಿರುತ್ತಾರೆ. ಎರಡು ತಿಂಗಳಿಂದ ಕಾರು ನನ್ನನ್ನು ಕೂಗಿ ಎಚ್ಚರಿಸುತ್ತಿತ್ತು. ನಾನು ರೇಡಿಯೋದ ಧ್ವನಿಯನ್ನು ಏರಿಸಿಕೊಂಡು ಓಡಾಡಿದ್ದೆ. ದೀಪಕ್ಕೆ ಕಾಗದ ಅಂಟಿಸಿದ ವರ್ತಕರಿಗೂ ನನಗೂ ಏನು ವ್ಯತ್ಯಾಸ?

ಸಂಜೆ ಕೈ ತೊಳೆಯುತ್ತ ಮೇಸ್ತ್ರಿಗಳು ಹೇಳಿದರು: “ಸಾಮಾನು ಬದಲಿಸಬೇಕು ಅಂದರೆ ಕಳ್ಳ ಅನ್ನುತ್ತಾರೆ. ಸುಮ್ಮನಿದ್ದು ಗಾಡಿ ಕೆಟ್ಟರೆ, ಮುಟ್ಟಿದವನು ಇವನೇ ಅನ್ನುತ್ತಾರೆ. ‘ಎಷ್ಟಾಯಿತು’ ಅಂತ ಎಲ್ಲರೂ ಕೇಳುತ್ತಾರೆ, ‘ಏನಾಗಿತ್ತು’ ಅಂತ ಕೇಳುವವರು ಕಡಿಮೆ.” ಬೆಳಗ್ಗೆ ನಾನೂ ಅದೇ ಸಂಶಯದಿಂದ ಅಲ್ಲಿ ಕುಳಿತಿದ್ದೆನೆಂಬುದನ್ನು ಅವರು ಬಲ್ಲರೋ ಏನೋ, ನನ್ನ ಮುಖವನ್ನು ನೋಡಲಿಲ್ಲ.

ತರುಣ ವಾಚಕರೇ, ನಿಮ್ಮ ಮನೆಯಲ್ಲಿ ವಾಹನವಿದ್ದರೆ ತಿಂಗಳಿಗೊಮ್ಮೆ, ಎಂಜಿನ್ನು ತಣ್ಣಗಿರುವಾಗ, ಬಾನೆಟ್ಟನ್ನು ಎತ್ತಿ ನೋಡಿರಿ. ಎಣ್ಣೆಯ ಕಡ್ಡಿಯನ್ನು ಒರೆಸಿ ಅದ್ದಿ ಮಟ್ಟ ನೋಡಿರಿ. ಶೈತ್ಯದ್ರವ, ಬ್ರೇಕು ದ್ರವ, ಟೈರಿನ ಗಾಳಿ ಇವನ್ನು ಪರೀಕ್ಷಿಸಿರಿ. ಇದಕ್ಕೆ ಹತ್ತು ನಿಮಿಷ ಸಾಕು.

ಮರುದಿನದ ಬದಲು ಅದರ ಮಾರನೆಯ ದಿನ ನಾವು ಘಟ್ಟವನ್ನಿಳಿದೆವು. ಮೇಸ್ತ್ರಿಗಳು ಹೇಳಿಕೊಟ್ಟಂತೆ ಎರಡನೆಯ ಗೇರಿನಲ್ಲಿ, ನಿಧಾನವಾಗಿ. ಹಿಂದಿನ ಸೀಟಿನಲ್ಲಿ ಮಕ್ಕಳು ತಿರುವುಗಳನ್ನು ಎಣಿಸುತ್ತಿದ್ದರು. ಆ ಎರಡು ಸೀಸೆಗಳನ್ನು ಕೇಳಿ ತಂದಿದ್ದೇನೆ. ಪಾಸ್ಕಲನ ನಿಯಮವನ್ನು ಹೇಳುವ ದಿನ ಈಗ ಅವೂ ನನ್ನೊಡನೆ ತರಗತಿಗೆ ಬರುತ್ತವೆ.