ದಡದ ನೌಕರಿ: ಕಾರವಾರವೋ, ವಿಶಾಖಪಟ್ಟಣವೋ?

ನೌಕಾಪಡೆ ಸೇರಿದ ಹುಡುಗನಿಗೆ ಹಡಗಿನ ಸರದಿ ಮುಗಿದ ಮೇಲೆ ದಡದ ನೌಕರಿ ಬರುತ್ತದೆ. ಇಷ್ಟದ ಊರನ್ನು ಬರೆದುಕೊಡಬಹುದು. ತೀರ್ಮಾನ ಮುಂಬಯಿಯ ನಾವಿಕರ ಬ್ಯೂರೋದ್ದು. ಹಿಂದೂಪುರ, ಕಲ್ಯಾಣದುರ್ಗದ ನಮ್ಮ ಹಿರಿಯರು ಕನ್ನಡದ ಊರೆಂದು ಕಾರವಾರದ ಕದಂಬ ನೆಲೆಯನ್ನೇ ಹೇಳುವುದುಂಟು. ಆದರೆ ಅಣುಶಕ್ತಿಯ ಜಲಾಂತರ್ಗಾಮಿಗಳಾದ 2016ರ ಅರಿಹಂತ, 2024ರ ಅರಿಘಾತ ತಯಾರಾದದ್ದು ವಿಶಾಖಪಟ್ಟಣದಲ್ಲಿ. (ನಮ್ಮ ಅರಿಹಂತರು ಗೆದ್ದದ್ದು ಒಳಗಿನ ಶತ್ರುಗಳನ್ನು, ಅದು ಬೇರೆ ಮಾತು.) ರಿಯಾಕ್ಟರ್ ಕೆಲಸದಲ್ಲಿ ಪಳಗಿದ ಕೈ ಅಲ್ಲಿ ತುಕ್ಕು ಹಿಡಿಯದು. ಹಿಂದೂಪುರದಿಂದ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ನೇರವಾಗಿ ಹೋಗಿಬರಬಹುದು. ನೀರಿನಡಿ ಸೂರ್ಯಾಸ್ತ ಕಾಣದು. ರಾತ್ರಿಭೋಜನ ತ್ಯಾಗ ಮಾಡಿದವನು ಗಡಿಯಾರವನ್ನೇ ನಂಬಬೇಕು. ದಡದಲ್ಲಿ ಆ ತೊಡಕು ಎರಡೂ ಊರಲ್ಲಿಲ್ಲ. ಹಾಗಿರುವಾಗ ನಮ್ಮ ಭಾಷೆಯ ಊರೆಂಬ ಒಂದೇ ಕಾರಣಕ್ಕೆ ಹುಡುಗನನ್ನು ಒತ್ತಾಯಿಸುವುದು ನನಗೆ ಸರಿಕಾಣದು. ಸಂಸಾರಕ್ಕೆ ಕ್ವಾರ್ಟರ್ಸ್ ಯಾವಾಗ ಸಿಗುತ್ತದೆಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಲಿ.